ಇಮಾಮ್ ಅಬೂ ಹನೀಫಾ(ರ) ಮತ್ತು ನೆರೆಮನೆಯ ಯುವಕ

ಹಿಜರಿ 80, ಅಂದರೆ ಕ್ರಿ.ಶ. 699. ಇರಾಕಿನ ಕೂಫಾ ನಗರದಲ್ಲಿ ಸಾಬಿತ್ ಎಂಬ ವ್ಯಾಪಾರಿಯ ಮನೆಯಲ್ಲಿ ಒಂದು ಗಂಡು ಮಗು ಹುಟ್ಟಿತು. ಮಗುವಿಗೆ ನುಅಮಾನ್ ಎಂದು ಹೆಸರಿಟ್ಟರು. ಮನೆತನ ಅರಬರದ್ದಲ್ಲ. ಅಜ್ಜ ಝೂತಾ ಕಾಬೂಲಿನ ಕಡೆಯಿಂದ ಬಂದವರೆಂದು ಹೆಚ್ಚಿನ ಚರಿತ್ರೆಕಾರರು ಬರೆದಿದ್ದಾರೆ. ಮುಂದೆ ಜಗತ್ತಿನ ಕೋಟ್ಯಂತರ ಮುಸ್ಲಿಮರು ತಮ್ಮ ನಮಾಝ್, ವ್ರತ, ಮದುವೆ, ವ್ಯಾಪಾರಗಳ ವಿಧಿಗಳಿಗಾಗಿ ನೆಚ್ಚಿಕೊಂಡ ಇಮಾಮ್ ಅಬೂ ಹನೀಫಾ(ರ) ಇವರೇ. ನಾನಿರುವ ಈ ಭಾಗದಲ್ಲಿ, ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಳ್ಳಿಹಳ್ಳಿಯ ಮಸೀದಿಗಳಲ್ಲಿ, ಸಾಮಾನ್ಯವಾಗಿ ನಡೆಯುವುದು ಅವರ ಮದ್‌ಹಬ್. ನಾವು ಹನಫಿಗಳೆಂದು ಹೇಳಿಕೊಳ್ಳುತ್ತೇವೆ. ಆದರೆ ಆ ಹೆಸರಿನ ಹಿಂದಿದ್ದ ಮನುಷ್ಯ ಹೇಗೆ ಬದುಕಿದರು, ನೆರೆಕರೆಯವರೊಂದಿಗೆ ಹೇಗೆ ನಡೆದುಕೊಂಡರು ಎಂಬುದು ನಮ್ಮ ಮನೆಗಳಲ್ಲಿ ಅಷ್ಟಾಗಿ ತಿಳಿದಿಲ್ಲ. ಅವರ ಫತ್ವಾಗಳು ಗೊತ್ತು. ಅವರ ಬೀದಿ ಗೊತ್ತಿಲ್ಲ.

ಕೂಫಾ ಆಗ ಗದ್ದಲದ ನಗರ. ಹಝ್ರತ್ ಉಮರ್(ರ.ಅ)ರ ಕಾಲದಲ್ಲಿ ಸೈನಿಕರ ನೆಲೆಯಾಗಿ ಶುರುವಾದ ಊರು, ಹಝ್ರತ್ ಅಲೀ(ರ.ಅ)ರ ರಾಜಧಾನಿಯಾಗಿ ಬೆಳೆದಿತ್ತು. ವಿದ್ವಾಂಸರು, ವ್ಯಾಪಾರಿಗಳು, ಕವಿಗಳು, ಬಂಡಾಯಗಾರರು ಎಲ್ಲರೂ ಅಲ್ಲಿದ್ದರು. ನುಅಮಾನ್ ಬಾಲಕನಾಗಿದ್ದಾಗ ಇರಾಕಿನ ಗವರ್ನರ್ ಆಗಿದ್ದವನು ಹಜ್ಜಾಜ್ ಬಿನ್ ಯೂಸುಫ್. ಅವನ ಕ್ರೌರ್ಯವೂ ಅವನ ಸೆರೆಮನೆಗಳೂ ಇತಿಹಾಸದಲ್ಲಿ ಕುಖ್ಯಾತವಾಗಿವೆ. ಹಿಜರಿ 95ರಲ್ಲಿ ಹಜ್ಜಾಜ್ ಸತ್ತಾಗ ನುಅಮಾನ್‌ಗೆ ಹದಿನೈದು ವರ್ಷ. ಸೆರೆಮನೆ ಎಂದರೇನು, ಅಲ್ಲಿಗೆ ಹೋದವನ ಮನೆಯವರ ಪಾಡೇನು ಎಂಬುದನ್ನು ಆ ಊರಿನ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹುಡುಗ ಅಂಗಡಿಯ ಕಡೆಗೇ ವಾಲಿದ್ದ. ಖಝ್ಝ್ ಎಂಬ ಬೆಲೆಬಾಳುವ ಬಟ್ಟೆಯ ವ್ಯಾಪಾರ; ಪೇಟೆ, ಗಿರಾಕಿ, ಲೆಕ್ಕ. ಒಂದು ದಿನ ಪೇಟೆಗೆ ಹೋಗುವಾಗ ಕೂಫಾದ ಹಿರಿಯ ವಿದ್ವಾಂಸ ಇಮಾಮ್ ಶಅಬೀ(ರ) ಅವನನ್ನು ಕರೆದು, ಯಾರ ಬಳಿಗೆ ಹೋಗಿ ಬರುತ್ತೀಯೆಂದು ವಿಚಾರಿಸಿದರು. ಹುಡುಗ ಪೇಟೆಯ ಒಬ್ಬರ ಹೆಸರು ಹೇಳಿದ. ತಾನು ಕೇಳಿದ್ದು ಅದಲ್ಲ, ಯಾವ ವಿದ್ವಾಂಸರ ಬಳಿ ಕುಳಿತುಕೊಳ್ಳುತ್ತೀಯೆಂದು ಅವರು ಸ್ಪಷ್ಟಪಡಿಸಿದರು. ಅಂಥವರ ಬಳಿ ತಾನು ಹೋಗುವುದು ಕಡಿಮೆಯೆಂದು ಹುಡುಗ ಒಪ್ಪಿಕೊಂಡ. ಆಗ ಶಅಬೀ ಅವನನ್ನು ಗದರಲಿಲ್ಲ. ಅವನಲ್ಲಿ ಒಂದು ಚುರುಕು ತಮಗೆ ಕಾಣುತ್ತಿದೆ, ಅದನ್ನು ವ್ಯರ್ಥ ಮಾಡಬಾರದು, ವಿದ್ವಾಂಸರ ಸಹವಾಸ ಮಾಡಬೇಕು ಎಂದಷ್ಟೇ ಹೇಳಿ ಕಳಿಸಿದರು. ಆ ಮಾತು ತನ್ನ ಮನಸ್ಸಿಗೆ ನಾಟಿತೆಂದು ಇಮಾಮರು ಮುಂದೆ ನೆನೆಯುತ್ತಿದ್ದರು. ದಾರಿಯಲ್ಲಿ ಹೋಗುವ ಹುಡುಗನನ್ನು ನಿಲ್ಲಿಸಿ, ನೀನು ಯಾರ ಜೊತೆ ಕೂರುತ್ತೀಯಪ್ಪಾ ಎಂದು ಕೇಳುವ ಹಿರಿಯರು ಆಗ ಇದ್ದರು. ಈಗಲೂ ನಮ್ಮ ಊರುಗಳಲ್ಲಿ ಇದ್ದಾರೆ. ಆದರೆ ಹೆಚ್ಚಾಗಿ ಕೇಳುವುದು ಬಯ್ಯುವ ಮುನ್ನುಡಿಯಾಗಿ.

ನುಅಮಾನ್ ಮೊದಲು ವಿಶ್ವಾಸ ಶಾಸ್ತ್ರದ ವಾದವಿವಾದಗಳಲ್ಲಿ ತೊಡಗಿ ಹೆಸರು ಮಾಡಿದರು. ಅನಂತರ ಅದನ್ನು ಬಿಟ್ಟು, ಜನರ ನಿತ್ಯದ ಬದುಕಿಗೆ ಬೇಕಾದ ಫಿಕ್ಹ್ ಕಲಿಯಲು ಹಮ್ಮಾದ್ ಬಿನ್ ಅಬೀ ಸುಲೈಮಾನ್(ರ)ರ ಪಾಠಕೂಟಕ್ಕೆ ಬಂದು ಸೇರಿದರು. ಸುಮಾರು ಹತ್ತು ವರ್ಷ ಕಲಿತ ಮೇಲೆ, ತಾನೂ ಒಂದು ಪಾಠಕೂಟ ತೆರೆದರೇನು ಎಂಬ ಆಸೆ ಅವರಲ್ಲಿ ಮೂಡಿತು. ಅಷ್ಟರಲ್ಲಿ ಹಮ್ಮಾದರಿಗೆ ಬಸ್ರಾದಿಂದ ಸುದ್ದಿ ಬಂತು. ಅಲ್ಲಿದ್ದ ಸಂಬಂಧಿಕರೊಬ್ಬರು ತೀರಿಕೊಂಡಿದ್ದು, ವಾರಸಿನ ವಿಷಯವಾಗಿ ಅವರು ಹೋಗಬೇಕಾಗಿತ್ತು. ಹೋಗುವಾಗ ತಮ್ಮ ಪೀಠದಲ್ಲಿ ನುಅಮಾನರನ್ನು ಕೂರಿಸಿ ಹೋದರು. ಎರಡು ತಿಂಗಳಲ್ಲಿ ಗುರುಗಳಿಂದ ಎಂದೂ ಕೇಳಿರದ ಅರವತ್ತು ಪ್ರಶ್ನೆಗಳು ಬಂದವು. ನುಅಮಾನ್ ಉತ್ತರ ಕೊಟ್ಟು ಬರೆದಿಟ್ಟುಕೊಂಡರು. ಗುರುಗಳು ಹಿಂದಿರುಗಿ ನೋಡಿ ನಲವತ್ತು ಉತ್ತರಗಳನ್ನು ಒಪ್ಪಿದರು, ಇಪ್ಪತ್ತನ್ನು ಒಪ್ಪಲಿಲ್ಲ. ಗುರುಗಳು ಬದುಕಿರುವವರೆಗೂ ಅವರನ್ನು ಬಿಟ್ಟು ಹೋಗುವುದಿಲ್ಲವೆಂದು ನುಅಮಾನ್ ಅಂದೇ ಪ್ರತಿಜ್ಞೆ ಮಾಡಿದರು. ಒಟ್ಟು ಹದಿನೆಂಟು ವರ್ಷ ಅವರೊಂದಿಗಿದ್ದರು. ಹಿಜರಿ 120ರಲ್ಲಿ ಹಮ್ಮಾದ್ ನಿಧನರಾದಾಗ ಆ ಪೀಠ ನಲವತ್ತು ವರ್ಷದ ನುಅಮಾನರಿಗೆ ಬಂತು.

ವ್ಯಾಪಾರವನ್ನು ಅವರು ಬಿಡಲಿಲ್ಲ. ಅಂಗಡಿ ಕೂಫಾದಲ್ಲಿತ್ತು, ಪಾಲುದಾರರಿದ್ದರು. ಒಮ್ಮೆ ಒಂದು ಬಟ್ಟೆಯಲ್ಲಿ ದೋಷವಿದೆ, ಅದನ್ನು ತೋರಿಸಿಯೇ ಮಾರಬೇಕೆಂದು ಪಾಲುದಾರ ಹಫ್ಸ್‌ಗೆ ಹೇಳಿ ಕಳಿಸಿದ್ದರು. ಅವರು ಮರೆತು ಮಾರಿದರು. ಕೊಂಡವನು ಯಾರೆಂದೂ ತಿಳಿಯಲಿಲ್ಲ. ಇಮಾಮರು ಆ ಸರಕಿನಿಂದ ಬಂದ ಹಣವನ್ನೆಲ್ಲಾ ದಾನ ಮಾಡಿಬಿಟ್ಟರು. ವ್ಯಾಪಾರದ ಲಾಭದಿಂದ ವಿದ್ವಾಂಸರಿಗೂ ವಿದ್ಯಾರ್ಥಿಗಳಿಗೂ ಬಟ್ಟೆಬರೆ, ದಿನಸಿ ಕೊಡುವುದು ಅವರ ವಾಡಿಕೆಯಾಗಿತ್ತು. ಕೊಡುವಾಗ, ಇದು ತನ್ನದಲ್ಲ, ಅಲ್ಲಾಹನು ತನ್ನ ಕೈಯಲ್ಲಿ ಹರಿಯಿಸಿದ್ದು, ಆದ್ದರಿಂದ ತನಗೆ ಕೃತಜ್ಞತೆ ಹೇಳಬೇಕಿಲ್ಲವೆಂದು ತಿಳಿಸುತ್ತಿದ್ದರು. ಮಗ ಸೂರಃ ಫಾತಿಹಾ ಕಲಿತ ದಿನ ಅವನ ಉಸ್ತಾದರಿಗೆ ಐನೂರು ದಿರ್ಹಮ್ ಕಳಿಸಿದರೆಂಬ ವರದಿಯೂ ಇದೆ. ಇದನ್ನು ನಮ್ಮೂರ ಜಮಾಅತ್ ಕಮಿಟಿಯವರು ಓದಿದರೆ ಉಸ್ತಾದರ ಸಂಬಳದ ಬಗ್ಗೆ ಒಂದು ಸಭೆಯನ್ನಾದರೂ ಕರೆದಾರು!

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ಸಂಗತಿಗೆ ಬರುತ್ತೇನೆ. ಇದನ್ನು ಖತೀಬ್ ಬಗ್ದಾದಿ ತಮ್ಮ ಬಗ್ದಾದಿನ ಚರಿತ್ರೆಯಲ್ಲಿ ಉಲ್ಲೇಖಿಸಿದ್ದಾರೆ.

ಕೂಫಾದಲ್ಲಿ ಇಮಾಮರ ನೆರೆಮನೆಯಲ್ಲಿ ಚಪ್ಪಲಿ ಹೊಲಿಯುವ ಒಬ್ಬ ಯುವಕನಿದ್ದ. ಹೆಸರು ದಾಖಲಾಗಿಲ್ಲ. ಹಗಲೆಲ್ಲಾ ದುಡಿಯುತ್ತಿದ್ದ. ಸಂಜೆ ಮಾಂಸವನ್ನೋ ಮೀನನ್ನೋ ಕೊಂಡು ಮನೆಗೆ ಬಂದು ಬೇಯಿಸಿ ತಿಂದು, ಕುಡಿಯಲು ಕೂರುತ್ತಿದ್ದ. ನಶೆ ಏರಿದಂತೆ ಹಾಡುತ್ತಿದ್ದ. ಪ್ರತಿರಾತ್ರಿ ಒಂದೇ ಹಾಡು. ಅದು ಅರ್ಜೀ ಎಂಬ ಕವಿಯದ್ದು. ಅರ್ಜೀ ಖಲೀಫಾ ಉಸ್ಮಾನ್(ರ.ಅ)ರ ವಂಶದವನು, ಮಕ್ಕಾದ ಗವರ್ನರನ ಕೋಪಕ್ಕೆ ಗುರಿಯಾಗಿ ಸೆರೆಮನೆ ಸೇರಿ ಅಲ್ಲೇ ಸತ್ತ. ತನ್ನಂಥ ಯುವಕನೊಬ್ಬನನ್ನು ತನ್ನವರೇ ಕೈಬಿಟ್ಟು ಕಳೆದುಕೊಂಡರಲ್ಲಾ ಎಂಬ ಕೊರಗು ಆ ಹಾಡಿನಲ್ಲಿದೆ. ನಿದ್ದೆ ಬರುವವರೆಗೂ ಯುವಕ ಅದನ್ನೇ ಮತ್ತೆ ಮತ್ತೆ ಹಾಡುತ್ತಿದ್ದ. ಗೋಡೆಯ ಈಚೆ ಇಮಾಮರು ರಾತ್ರಿಯ ನಮಾಝ್‌ನಲ್ಲಿರುತ್ತಿದ್ದರು. ಹಾಡು ಕಿವಿಗೆ ಬೀಳುತ್ತಿತ್ತು.

ಅವರು ದೂರು ಕೊಡಬಹುದಾಗಿತ್ತು. ಮದ್ಯಪಾನಕ್ಕೆ ಶರೀಅತ್ತಿನಲ್ಲಿ ಏನು ಶಿಕ್ಷೆಯಿದೆ ಎಂಬುದು ಗವರ್ನರನಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ನೆರೆಯವರ ನೆಮ್ಮದಿ ಕೆಡಿಸುತ್ತಾನೆಂದು ನಾಲ್ಕು ಜನರನ್ನು ಸೇರಿಸಿ ಮನೆ ಬಿಡಿಸಬಹುದಾಗಿತ್ತು. ಅಂಥದ್ದೇನನ್ನೂ ಮಾಡಿದ ವರದಿಯಿಲ್ಲ. ಹಾಗೆಂದು ಕುಡಿತ ಸಣ್ಣ ವಿಷಯವೆಂದು ಅವರು ತಿಳಿದಿದ್ದರೆಂದಲ್ಲ. ಎಷ್ಟೋ ರಾತ್ರಿ ಅವರು ಅವನ ಹಾಡು ಕೇಳುತ್ತಾ ಅವನ ಪಕ್ಕದಲ್ಲೇ ಬದುಕಿದರು. ಅಷ್ಟೇ ನಮಗೆ ಗೊತ್ತಿರುವುದು.

ಒಂದು ರಾತ್ರಿ ಹಾಡು ಕೇಳಿಸಲಿಲ್ಲ. ಇಮಾಮರು ವಿಚಾರಿಸಿದರು. ಕೆಲವು ರಾತ್ರಿಗಳ ಹಿಂದೆ ಗಸ್ತಿನವರು ಅವನನ್ನು ಹಿಡಿದೊಯ್ದರು, ಈಗ ಸೆರೆಯಲ್ಲಿದ್ದಾನೆ ಎಂದು ತಿಳಿಯಿತು. ಮರುದಿನ ಫಜ್ರ್ ನಮಾಝ್ ಮುಗಿಸಿದವರೇ ಹೇಸರಗತ್ತೆ ಏರಿ ಅಮೀರನ ಮನೆಗೆ ಹೊರಟರು. ಇಮಾಮರು ಬಂದಿದ್ದಾರೆಂದು ಕೇಳಿದ ಅಮೀರ್, ಅವರನ್ನು ಬಾಗಿಲಲ್ಲಿ ಇಳಿಸದೆ, ಹಾಸುಗಂಬಳಿಯವರೆಗೂ ಸವಾರಿಯಲ್ಲೇ ಬರಲು ಬಿಡಬೇಕೆಂದು ಆಜ್ಞಾಪಿಸಿದ. ತನ್ನಿಂದ ಏನಾಗಬೇಕೆಂದು ಕೇಳಿದ. ತನ್ನ ನೆರೆಯವನೊಬ್ಬನನ್ನು ಕಾವಲುಗಾರರು ಹಿಡಿದಿದ್ದಾರೆ, ಅವನನ್ನು ಬಿಡಬೇಕೆಂದು ಇಮಾಮರು ಕೇಳಿದರು. ಅಮೀರ್ ಅವನನ್ನು ಮಾತ್ರವಲ್ಲ, ಆ ರಾತ್ರಿಯಿಂದ ಅಂದಿನವರೆಗೆ ಹಿಡಿದವರೆಲ್ಲರನ್ನೂ ಬಿಡಲು ಹೇಳಿದ.

ಈ ಸವಾರಿಯ ಬೆಲೆ ತಿಳಿಯಬೇಕಾದರೆ ಇಮಾಮರ ಸ್ವಭಾವ ನೆನಪಿರಬೇಕು. ಅಧಿಕಾರದಲ್ಲಿರುವವರಿಂದ ದೂರವಿರುವುದು ಅವರ ಜೀವನದ ನಿಯಮವಾಗಿತ್ತು. ಅವರ ಕೊಡುಗೆಗಳನ್ನು ಅವರು ಮುಟ್ಟುತ್ತಿರಲಿಲ್ಲ. ಸ್ವಂತ ಕೆಲಸಕ್ಕೆ ಆ ಬಾಗಿಲು ತಟ್ಟದ ಮನುಷ್ಯ ಒಬ್ಬ ಕುಡುಕ ನೆರೆಯವನಿಗಾಗಿ ಬೆಳಿಗ್ಗೆ ಎದ್ದವರೇ ಅಲ್ಲಿಗೆ ಹೋದರು. ಅವನು ಪಶ್ಚಾತ್ತಾಪಪಟ್ಟಿದ್ದಾನೆಯೇ, ಇನ್ನು ಕುಡಿಯುವುದಿಲ್ಲವೆಂದು ಮಾತು ಕೊಡುತ್ತಾನೆಯೇ ಎಂದು ಮೊದಲು ಕೇಳಿ ಕಳಿಸಲಿಲ್ಲ.

ಹಿಂದಿರುಗುವಾಗ ಇಮಾಮರು ಸವಾರಿಯಲ್ಲಿ, ಯುವಕ ಹಿಂದೆ ನಡೆದು ಬಂದ. ಮನೆ ತಲುಪಿದಾಗ ಇಮಾಮರು ಇಳಿದು ಅವನ ಕಡೆ ತಿರುಗಿದರು. ಅವನ ಹಾಡಿನ ಮಾತನ್ನೇ ಹಿಡಿದು, ನಾವು ನಿನ್ನನ್ನು ಕಳೆದುಕೊಂಡೆವೇ ಎಂದು ಕೇಳಿದರು. ಇಲ್ಲ, ನೀವು ನನ್ನನ್ನು ಕಾಪಾಡಿದಿರಿ, ನೆರೆಯ ಹಕ್ಕನ್ನು ಸಲ್ಲಿಸಿದಿರಿ ಎಂದು ಅವನು ಪ್ರಾರ್ಥಿಸಿದ. ಆಮೇಲೆ ಅವನು ಕುಡಿತಕ್ಕೆ ಮರಳಲಿಲ್ಲವೆಂದು ಖತೀಬ್ ಬರೆಯುತ್ತಾರೆ. ಅವನು ಇಮಾಮರ ಪಾಠಕೂಟದಲ್ಲಿ ಕೂತು ಕಲಿತನೆಂದು ಹೇಳುವವರೂ ಇದ್ದಾರೆ. ಅದಿಲ್ಲದಿದ್ದರೂ, ಅವನು ತನ್ನ ಕಸುಬಿಗೆ ಹಿಂದಿರುಗಿ ರಾತ್ರಿ ನಿದ್ದೆ ಮಾಡುವ ಗೃಹಸ್ಥನಾಗಿದ್ದರೆ ಅಷ್ಟೇ ಸಾಕು.

ನಮ್ಮ ವಅಝ್‌ಗಳಲ್ಲಿ ಇಮಾಮರ ವಿಷಯ ಬಂದಾಗ, ನಲವತ್ತು ವರ್ಷ ಇಶಾದ ವುಝೂವಿನಲ್ಲೇ ಫಜ್ರ್ ನಮಾಝ್ ಮಾಡಿದರೆಂಬುದನ್ನು ಏರುದನಿಯಲ್ಲಿ ಹೇಳುತ್ತಾರೆ. ಕೇಳಿದವರು ಬೆರಗಾಗಿ ಮನೆಗೆ ಹೋಗಿ ಮಲಗುತ್ತಾರೆ. ಹೇಸರಗತ್ತೆಯ ಕಥೆ ಅಷ್ಟಾಗಿ ಕೇಳಿಬರುವುದಿಲ್ಲ. ಅದನ್ನು ಕೇಳಿದವನಿಗೆ ತನ್ನ ಬೀದಿಯಲ್ಲಿ ಮಾಡಬೇಕಾದ ಕೆಲಸವೊಂದು ಕಾಣುತ್ತದೆ, ಅದಕ್ಕೇ ಇರಬಹುದು.

ನಮ್ಮ ಬೀದಿಗಳಲ್ಲಿ ನಡೆಯುವುದು ಬೇರೆ. ಶಿಗ್ಗಾಂವಿಯಿಂದ ಹೆದ್ದಾರಿ ಹಿಡಿದು ಹುಬ್ಬಳ್ಳಿಯ ಗ್ಯಾರೇಜಿಗೆ ಕೆಲಸಕ್ಕೆ ಹೋದ ಹುಡುಗನೊಬ್ಬ ಬೈಕ್ ಕಳ್ಳತನದ ಕೇಸಿನಲ್ಲಿ ಸಿಕ್ಕಿದ ಎಂದಿಟ್ಟುಕೊಳ್ಳಿ. ಅಥವಾ ಸವಣೂರಿನ ಎಲೆ ತೋಟದಲ್ಲಿ ದುಡಿಯುವವನ ಮಗ ಗಾಂಜಾದವರ ಜೊತೆ ಹಿಡಿಯಲ್ಪಟ್ಟ. ಮೊಹಲ್ಲಾದಲ್ಲಿ ಮೊದಲು ಸುದ್ದಿ ಹರಡುತ್ತದೆ, ಆಮೇಲೆ ಬಾಗಿಲುಗಳು ಮುಚ್ಚುತ್ತವೆ. ತಂದೆ ಅವನು ತನ್ನ ಪಾಲಿಗೆ ಸತ್ತನೆಂದು ಹೇಳುತ್ತಾನೆ. ತಾಯಿ ಒಲೆಯ ಮುಂದೆ ಕೂತು ಅಳುತ್ತಾಳೆ. ಅವನ ತಂಗಿಯ ಸಂಬಂಧ ಮುರಿಯುತ್ತದೆ. ಜಾಮೀನಿಗೆ ಸಹಿ ಹಾಕಲು ಯಾರೂ ಇಲ್ಲ. ಹೊರಬಂದ ಹುಡುಗನನ್ನು ಕೆಲಸಕ್ಕೆ ಕರೆಯುವವರು, ಚಹಾ ಕುಡಿಸುವವರು ಇಬ್ಬರೇ: ಅವನ ಜೊತೆ ಹಿಡಿಯಲ್ಪಟ್ಟವರು ಅಥವಾ ಅವನನ್ನು ಆ ದಂಧೆಗೆ ಹಚ್ಚಿದವರು. ಊರಿನ ಒಳ್ಳೆಯ ಜನರೆಲ್ಲಾ ಕೈಬಿಟ್ಟ ಮೇಲೆ ಅವನು ಅವರ ಬಳಿಯೇ ಹೋಗುತ್ತಾನೆ. ಹೋದನಲ್ಲಾ, ನಾವು ಅಂದದ್ದೇ ನಿಜವಾಯಿತೆಂದು ಎಲ್ಲರೂ ತಲೆಯಾಡಿಸುತ್ತಾರೆ.

ಇಲ್ಲಿ ದೇಶದ ಕಾನೂನನ್ನೂ ತಿಳಿದಿರಬೇಕು. ನಮ್ಮ ಸಮುದಾಯದ ಎಷ್ಟೋ ಮನೆಗಳಿಗೆ ಇದು ಗೊತ್ತಿರುವುದಿಲ್ಲ. 2015ರ ಬಾಲ ನ್ಯಾಯ ಕಾಯಿದೆಯ ಪ್ರಕಾರ ಹದಿನೆಂಟು ತುಂಬದವನನ್ನು ಯಾವ ಕಾರಣಕ್ಕೂ ಪೋಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಇಪ್ಪತ್ತನಾಲ್ಕು ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರಿರುತ್ತಾರೆ. ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ತಪ್ಪು ಮಾಡಿದ್ದು ಸಾಬೀತಾದರೂ ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಸಮಾಜ ಸೇವೆಗೆ ಹಚ್ಚಬಹುದು; ತಂದೆ ತಾಯಿಯ ಅಥವಾ ಯೋಗ್ಯ ವ್ಯಕ್ತಿಯೆಂದು ಒಪ್ಪಿಗೆ ಪಡೆದ ಮತ್ತೊಬ್ಬರ ಜವಾಬ್ದಾರಿಯಲ್ಲಿ ಬಿಡಬಹುದು. ವಿಶೇಷ ಗೃಹಕ್ಕೆ ಕಳಿಸಿದರೂ ಮೂರು ವರ್ಷಕ್ಕಿಂತ ಹೆಚ್ಚಿಲ್ಲ. ಹದಿನಾರು ದಾಟಿದವರು ಘೋರ ಅಪರಾಧ ಮಾಡಿದಾಗ ದಾರಿ ಬೇರೆಯಾಗಬಹುದು. ಉಳಿದವರಿಗೆ ಆ ಪ್ರಕರಣ ಮುಂದಿನ ಬದುಕಿನಲ್ಲಿ ಅನರ್ಹತೆಯಾಗಬಾರದು, ದಾಖಲೆಯನ್ನೂ ಕಾಲಕ್ರಮದಲ್ಲಿ ನಾಶಮಾಡಬೇಕು ಎಂದು ಕಾಯಿದೆ ಹೇಳುತ್ತದೆ. ಹದಿನೆಂಟರಿಂದ ಇಪ್ಪತ್ತೊಂದರ ನಡುವಿನವರಿಗೂ 1958ರ ಪ್ರೊಬೇಷನ್ ಕಾಯಿದೆಯಲ್ಲಿ ಜೈಲಿನ ಬದಲು ಮೇಲ್ವಿಚಾರಣೆಯಲ್ಲಿ ಬಿಡುವ ಅವಕಾಶವಿದೆ. ಈ ಯೋಚನೆ ನಮ್ಮ ಕಡೆಗೆ ಹೊಸದೇನೂ ಅಲ್ಲ. ಈ ಭಾಗ ಬಹುಪಾಲು ಹಿಂದಿನ ಧಾರವಾಡ ಜಿಲ್ಲೆಯಾಗಿ ಮುಂಬಯಿ ಪ್ರಾಂತದಲ್ಲಿದ್ದಾಗಲೇ, ಎಳೆಯ ಅಪರಾಧಿಗಳನ್ನು ದೊಡ್ಡವರಿಂದ ಬೇರೆಯಿಟ್ಟು ಕಸುಬು ಕಲಿಸಲು 1929ರ ಕಾಯಿದೆಯಂತೆ ಬೋರ್ಸ್ಟಲ್ ಶಾಲೆಯ ವ್ಯವಸ್ಥೆ ಬಂದಿತ್ತು. ಧಾರವಾಡದಲ್ಲೇ ಅಂಥ ಶಾಲೆಯಿತ್ತು.

ಕಾಗದದ ದಾಖಲೆಯನ್ನು ಮಂಡಳಿ ನಾಶಮಾಡುತ್ತದೆ. ಮೊಹಲ್ಲಾದ ನಾಲಿಗೆಯ ಮೇಲಿನ ದಾಖಲೆಯನ್ನು ಯಾರು ನಾಶಮಾಡಬೇಕು? ಮಂಡಳಿಯ ಮುಂದೆ ಹೋಗಿ, ಈ ಹುಡುಗ ನಮ್ಮವನು, ನಾನು ನೋಡಿಕೊಳ್ಳುತ್ತೇನೆ ಎಂದು ಹೇಳುವ ಒಬ್ಬ ಮಾವ, ಒಬ್ಬ ಗ್ಯಾರೇಜಿನ ಮೇಸ್ತ್ರಿ, ಒಬ್ಬ ಮುತವಲ್ಲಿ ಬೇಕು. ಕಾನೂನು ಅವನಿಗೆ ಕುರ್ಚಿ ಹಾಕಿ ಇಟ್ಟಿದೆ.

ಯೌವನದ ಬಗ್ಗೆ ಇಮಾಮರಿಗಿದ್ದ ತಿಳಿವಳಿಕೆ ಅವರ ಫಿಕ್ಹ್‌ನಲ್ಲೂ ಕಾಣುತ್ತದೆ. ಮದ್ರಸಾದಲ್ಲಿ ಹಿದಾಯಾ ಓದಿದವರಿಗೆ ಹಜ್ರ್‌ನ ಅಧ್ಯಾಯ ನೆನಪಿರಬಹುದು. ಹಜ್ರ್ ಎಂದರೆ ಒಬ್ಬನ ವ್ಯವಹಾರದ ಹಕ್ಕನ್ನು ತಡೆಹಿಡಿಯುವುದು. ದೇಹದ ಲಕ್ಷಣಗಳು ಕಾಣದಿದ್ದಾಗ ಹುಡುಗ ಪ್ರಾಯಕ್ಕೆ ಬಂದನೆಂದು ಎಣಿಸಲು ಅವರು ಇಟ್ಟ ವಯಸ್ಸು ಹದಿನೆಂಟು, ಹುಡುಗಿಗೆ ಹದಿನೇಳು. ಅವರ ಶಿಷ್ಯರಿಬ್ಬರು ಹದಿನೈದು ಎಂದರು, ಮದ್‌ಹಬ್‌ನ ಫತ್ವಾ ನಡೆಯುವುದು ಶಿಷ್ಯರ ಮಾತಿನ ಮೇಲೆ. ಪ್ರಾಯಕ್ಕೆ ಬಂದರೂ ವಿವೇಕ ಬಾರದೆ ಹಣ ಹಾಳುಮಾಡುವ ಯುವಕನಿದ್ದರೆ? ಅವನ ಆಸ್ತಿಯನ್ನು ಇಪ್ಪತ್ತೈದು ತುಂಬುವವರೆಗೆ ಅವನ ಕೈಗೆ ಕೊಡದೆ ಕಾಯಬೇಕು, ಆಮೇಲೆ ವಿವೇಕ ಬಂದಿರಲಿ ಬಿಡಲಿ ಕೊಟ್ಟುಬಿಡಬೇಕೆಂದು ಇಮಾಮರ ಅಭಿಪ್ರಾಯ. ಶಿಷ್ಯರು ಇದನ್ನೂ ಒಪ್ಪದೆ, ವಿವೇಕ ಬರುವವರೆಗೂ ತಡೆಹಿಡಿಯಬೇಕೆಂದರು. ಇಪ್ಪತ್ತೈದಕ್ಕೆ ಮನುಷ್ಯ ಅಜ್ಜನೂ ಆಗಿರಬಹುದು, ಅಜ್ಜನಾದವನಿಗೆ ಇನ್ನೇನು ಶಿಸ್ತು ಕಲಿಸುವುದು ಎಂದು ಫಿಕ್ಹ್‌ನ ಪಂಡಿತರು ಇಮಾಮರ ಪರವಾಗಿ ಲೆಕ್ಕ ಹಾಕಿ ತೋರಿಸುತ್ತಾರೆ. ವಿದ್ಯಾರ್ಥಿಗಳಿಗೆ ಪಾಠ ಹೇಳುವಾಗ ಈ ಲೆಕ್ಕಕ್ಕೆ ನಗು ಬರುವುದುಂಟು.

ಆದರೆ ಅದರ ಹಿಂದಿನ ವಾದ ಗಂಭೀರವಾದುದು. ಬುದ್ಧಿ ಸರಿಯಿರುವ ಪ್ರಾಯದ ಮನುಷ್ಯನ ಹಕ್ಕನ್ನೇ ಕಸಿದುಕೊಂಡರೆ ಅವನನ್ನು ಮನುಷ್ಯರ ಸಾಲಿನಿಂದ ಇಳಿಸಿದಂತೆ. ಆಸ್ತಿ ಹಾಳಾಗುವ ನಷ್ಟಕ್ಕಿಂತ ಆ ನಷ್ಟ ದೊಡ್ಡದು. ಹದಿನೆಂಟರಿಂದ ಇಪ್ಪತ್ತೈದರವರೆಗೆ ಒಬ್ಬ ಯುವಕನಿಗೆ ಕಾಲ ಕೊಡಬೇಕು, ಜೊತೆಗಿರಬೇಕು. ಆದರೆ ಶಾಶ್ವತವಾಗಿ ಅವನನ್ನು ಕೈಲಾಗದವನೆಂದು ಮುದ್ರೆ ಒತ್ತಿ ಕೂರಿಸಬಾರದೆಂದು ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ. ಚಪ್ಪಲಿ ಹೊಲಿಯುವ ಯುವಕನ ಪ್ರಸಂಗವನ್ನೂ ಈ ಅಧ್ಯಾಯವನ್ನೂ ಒಟ್ಟಿಗಿಟ್ಟು ಓದಿದರೆ ಇಮಾಮರ ಮನಸ್ಸು ಸ್ವಲ್ಪವಾದರೂ ಕಾಣುತ್ತದೆ.

ಆಗಲೇ ಹೇಳಿದ ಶಿಷ್ಯರಿಬ್ಬರಲ್ಲಿ ಒಬ್ಬರು ಯಅಕೂಬ್. ಅಬೂ ಯೂಸುಫ್(ರ) ಎಂದು ಪ್ರಸಿದ್ಧರಾದವರು. ಹಿಜರಿ 113ರಲ್ಲಿ ಕೂಫಾದ ಬಡ ಮನೆಯಲ್ಲಿ ಹುಟ್ಟಿದರು. ಒಂದು ವರದಿಯಂತೆ ತಂದೆ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು. ತಾಯಿ ಹುಡುಗನನ್ನು ಬಟ್ಟೆ ಒಗೆಯುವವನೊಬ್ಬನ ಬಳಿ ಕೆಲಸಕ್ಕೆ ಹಚ್ಚಿದರು. ಹುಡುಗ ಅಲ್ಲಿಂದ ತಪ್ಪಿಸಿಕೊಂಡು ಇಮಾಮರ ಪಾಠಕೂಟದಲ್ಲಿ ಬಂದು ಕೂರುತ್ತಿದ್ದ. ತಾಯಿ ಬಂದು ಕೈಹಿಡಿದು ಎಳೆದೊಯ್ಯುವರು, ಮರುದಿನ ಹುಡುಗ ಮತ್ತೆ ಹಾಜರು. ಕೊನೆಗೆ ಆ ತಾಯಿ ಸಿಟ್ಟಿಗೆದ್ದು ಇಮಾಮರನ್ನೇ ತರಾಟೆಗೆ ತೆಗೆದುಕೊಂಡರು. ತಾನು ನೂಲು ತೆಗೆದು ಹೊಟ್ಟೆ ಹೊರೆಯುವವಳು, ಈ ತಬ್ಬಲಿ ನಾಲ್ಕು ಕಾಸು ಸಂಪಾದಿಸುವುದನ್ನು ನೀವು ಕೆಡಿಸುತ್ತಿದ್ದೀರಿ ಎಂಬುದು ಅವರ ದೂರು. ಹುಡುಗ ಇಲ್ಲಿ ಪಿಸ್ತಾ ಎಣ್ಣೆಯ ಫಾಲೂದಾ ತಿನ್ನುವುದನ್ನು ಕಲಿಯುತ್ತಿದ್ದಾನೆಂದು ಇಮಾಮರು ನಗುತ್ತಾ ಹೇಳಿದರಂತೆ. ಈ ಮುದುಕನಿಗೆ ಬುದ್ಧಿ ಕೆಟ್ಟಿದೆಯೆಂದು ಗೊಣಗುತ್ತಾ ತಾಯಿ ಹೋದರು.

ಆ ತಾಯಿಯನ್ನು ನಾವು ತಪ್ಪೆನ್ನುವಂತಿಲ್ಲ. ಒಲೆ ಉರಿಯಬೇಕಲ್ಲ? ಇಮಾಮರಿಗೂ ಅದು ಗೊತ್ತಿತ್ತು. ಅದಕ್ಕೇ ಅವರು ಉಪದೇಶ ಮಾಡಿ ಸುಮ್ಮನಾಗದೆ, ಹುಡುಗನ ಕೈಗೆ ನೂರು ದಿರ್ಹಮ್‌ಗಳ ಚೀಲವೊಂದನ್ನು ಕೊಟ್ಟು, ಮುಗಿದಾಗ ತಿಳಿಸಬೇಕೆಂದರು. ಆದರೆ ಮುಗಿಯಿತೆಂದು ಹೇಳುವ ಪ್ರಸಂಗವೇ ಬರಲಿಲ್ಲವೆಂದು ಅಬೂ ಯೂಸುಫ್ ಮುಂದೆ ನೆನೆಯುತ್ತಿದ್ದರು. ಹಣ ತೀರುವ ಹೊತ್ತಿಗೆ ಯಾರೋ ಹೇಳಿದಂತೆ ಮತ್ತೊಂದು ಚೀಲ ಬರುತ್ತಿತ್ತು. ಹೀಗೆ ವರ್ಷಗಟ್ಟಲೆ ನಡೆಯಿತು. ಕೈಚಾಚುವ ಅವಮಾನ ಆ ಹುಡುಗನಿಗೆ ಬಾರದಂತೆ ಇಮಾಮರು ನೋಡಿಕೊಂಡರು.

ಕಲಿತು ದೊಡ್ಡವನಾದ ಮೇಲೆ ಅದೇ ಶಿಷ್ಯ ಎದುರು ಕೂತು ವಾದಿಸುತ್ತಿದ್ದರು. ಎಷ್ಟೋ ವಿಷಯಗಳಲ್ಲಿ ಗುರುವಿನ ಅಭಿಪ್ರಾಯವನ್ನು ಒಪ್ಪಲಿಲ್ಲ. ಹನಫಿ ಗ್ರಂಥಗಳಲ್ಲಿ ಆ ಭಿನ್ನಮತಗಳೆಲ್ಲಾ ಗುರುವಿನ ಮಾತಿನ ಪಕ್ಕದಲ್ಲೇ ಇಂದಿಗೂ ಇವೆ. ಅರವತ್ತರಲ್ಲಿ ಇಪ್ಪತ್ತು ಉತ್ತರಗಳನ್ನು ಗುರು ಒಪ್ಪದಿದ್ದಾಗ ಮುನಿಸಿಕೊಳ್ಳದೆ ಕಲಿಯಲು ಉಳಿದ ನುಅಮಾನ್, ಗುರುವಾದ ಮೇಲೆ ಶಿಷ್ಯರು ಒಪ್ಪದಿದ್ದಾಗಲೂ ಮುನಿಸಿಕೊಳ್ಳಲಿಲ್ಲ.

ಇಮಾಮರ ಕೊನೆಯ ವರ್ಷಗಳು ಕಷ್ಟದ್ದಾಗಿದ್ದವು. ಉಮಯ್ಯಾದ್ ಆಳ್ವಿಕೆಯ ಕೊನೆಯಲ್ಲಿ ಇರಾಕಿನ ಗವರ್ನರ್ ಇಬ್ನು ಹುಬೈರಾ ಅವರನ್ನು ಸರಕಾರದ ಹುದ್ದೆ ವಹಿಸಿಕೊಳ್ಳಲು ಕರೆದ. ಅವರು ಒಪ್ಪಲಿಲ್ಲ. ದಿನಕ್ಕೆ ಹತ್ತರಂತೆ ಛಡಿಯೇಟು ಹೊಡೆಸಿದ, ಆಗಲೂ ಒಪ್ಪಲಿಲ್ಲ. ಬಿಡುಗಡೆಯಾದ ಮೇಲೆ ಹಿಜರಿ 130ರಲ್ಲಿ ಮಕ್ಕಾಕ್ಕೆ ಹೋದರು. ಅಬ್ಬಾಸಿಗಳು ಅಧಿಕಾರಕ್ಕೆ ಬಂದ ಮೇಲೆ ಹಿಂದಿರುಗಿದರು. ಖಲೀಫಾ ಮನ್ಸೂರ್ ಬಗ್ದಾದ್ ನಗರವನ್ನು ಕಟ್ಟಿಸಿ, ಇಮಾಮರನ್ನು ಅಲ್ಲಿಗೆ ಕರೆಸಿ ಕಾಝಿಯಾಗಬೇಕೆಂದು ಒತ್ತಾಯಿಸಿದ. ತಾನು ಆ ಹುದ್ದೆಗೆ ಯೋಗ್ಯನಲ್ಲವೆಂದು ಇಮಾಮರು ಹೇಳಿದರು. ಸುಳ್ಳೆಂದು ಖಲೀಫಾ ಗದರಿದ. ತಾನು ಸುಳ್ಳು ಹೇಳುವವನಾದರೆ ಸುಳ್ಳುಗಾರನನ್ನು ಕಾಝಿ ಮಾಡುವುದು ಹೇಗೆಂದು ಅವರು ಕೇಳಿದರು. ಮನ್ಸೂರ್ ಅವರನ್ನು ಸೆರೆಗೆ ಹಾಕಿಸಿದ. ಎಪ್ಪತ್ತು ವರ್ಷದ ಆ ಮುದುಕರು ಹಿಜರಿ 150ರಲ್ಲಿ, ಕ್ರಿ.ಶ. 767ರಲ್ಲಿ ಬಗ್ದಾದಿನಲ್ಲಿ ನಿಧನರಾದರು. ಸೆರೆಯಲ್ಲೇ ಎಂದು ಹೆಚ್ಚಿನವರು ಬರೆಯುತ್ತಾರೆ.

ನೆರೆಯವನನ್ನು ಸೆರೆಯಿಂದ ಬಿಡಿಸಿ ತಂದವರು ತಾವೇ ಸೆರೆಯಾಳಾಗಿ ಕಣ್ಣುಮುಚ್ಚಿದರು. ಅವರ ಜನಾಝಾಕ್ಕೆ ಐವತ್ತು ಸಾವಿರಕ್ಕೂ ಹೆಚ್ಚು ಜನ ಬಂದು, ಆರು ಸಲ ನಮಾಝ್ ನಡೆಸಬೇಕಾಯಿತೆಂದು ಬರೆದಿದ್ದಾರೆ. ಖೈಝುರಾನ್ ಕಬರಸ್ತಾನದಲ್ಲಿ ದಫನ ಮಾಡಿದರು. ಇಮಾಮೆ ಅಅಝಮ್ ಎಂಬ ಅವರ ಬಿರುದಿನಿಂದ ಬಗ್ದಾದಿನ ಆ ಭಾಗಕ್ಕೆ ಅಅಝಮಿಯ್ಯಾ ಎಂಬ ಹೆಸರು ಬಂದಿದೆ.

ಒಗೆಯುವವನ ಅಂಗಡಿಯಿಂದ ಓಡಿ ಬಂದ ಹುಡುಗ ಮುಂದೆ ಹಾರೂನ್ ರಶೀದ್‌ನ ಕಾಲದಲ್ಲಿ ಸಾಮ್ರಾಜ್ಯದ ಮುಖ್ಯ ಕಾಝಿಯಾದರು. ಇಸ್ಲಾಮೀ ಇತಿಹಾಸದಲ್ಲಿ ಆ ಪದವಿಯ ಹೆಸರು ಪಡೆದ ಮೊದಲಿಗರು ಅವರೇ. ಗುರು ಏಟು ತಿಂದು ತಿರಸ್ಕರಿಸಿದ್ದನ್ನು ಶಿಷ್ಯ ಸ್ವೀಕರಿಸಿದ್ದು ಸರಿಯೇ ಎಂದು ಚರ್ಚಿಸುವವರಿದ್ದಾರೆ. ಆ ಕುರ್ಚಿಯಲ್ಲಿ ಕೂತು ಅವರು ಮಾಡಿದ್ದೇನೆಂದು ನೋಡಿದರೆ ನನಗಂತೂ ಆಕ್ಷೇಪವಿಲ್ಲ. ಒಂದು ದಿನ ಖಲೀಫಾನ ಊಟದಲ್ಲಿ ಅವರ ಮುಂದೆ ಒಂದು ಸಿಹಿ ಬಂತು. ಇದು ದಿನವೂ ಮಾಡುವಂಥದ್ದಲ್ಲ, ಪಿಸ್ತಾ ಎಣ್ಣೆಯ ಫಾಲೂದಾ, ತಿನ್ನಿರೆಂದು ಹಾರೂನ್ ಹೇಳಿದ. ಅಬೂ ಯೂಸುಫ್ ನಕ್ಕರು. ಕಾರಣ ಕೇಳಿದಾಗ ತಾಯಿಯ ಸಿಟ್ಟಿನ ಕಥೆಯನ್ನೆಲ್ಲಾ ಹೇಳಿದರು.

ಹಾರೂನನ ಕೋರಿಕೆಯಂತೆ ಅವರು ಕಿತಾಬುಲ್ ಖರಾಜ್ ಎಂಬ ಗ್ರಂಥ ಬರೆದರು. ಮುಖ್ಯವಾಗಿ ಅದು ಭೂಕಂದಾಯದ ಪುಸ್ತಕ. ಆದರೆ ಅದರಲ್ಲಿ ಕಳ್ಳರು, ದುರ್ಮಾರ್ಗಿಗಳು ಮತ್ತು ಸೆರೆಯಾಳುಗಳ ಬಗ್ಗೆ ಒಂದು ಭಾಗವಿದೆ. ಖಲೀಫಾನಿಗೆ ಅವರು ನೇರವಾಗಿಯೇ ಹೇಳುತ್ತಾರೆ: ವಿಚಾರಣೆ ನಡೆಸುವವರಿಲ್ಲದ್ದರಿಂದ ಸೆರೆಮನೆಗಳು ತುಂಬಿವೆ. ಅಧಿಕಾರಿಗಳು ಸೆರೆಯಾಳುಗಳ ವಿಷಯವನ್ನು ದಿನವೂ ನೋಡಬೇಕು. ಬುದ್ಧಿ ಕಲಿಸಬೇಕಾದವನಿಗೆ ಬುದ್ಧಿ ಕಲಿಸಿ ಬಿಡಬೇಕು, ಕೇಸೇ ಇಲ್ಲದವನನ್ನು ಹೋಗಗೊಡಬೇಕು. ಸರಪಳಿ ಹಾಕಿ ಬೀದಿಗೆ ಕಳಿಸಿ ಅವರಿಂದ ಭಿಕ್ಷೆ ಬೇಡಿಸುವುದು ನಿಲ್ಲಬೇಕು. ಅವರೂ ಮನುಷ್ಯರು, ತಪ್ಪು ಮಾಡಿ ಬಂಧನಕ್ಕೊಳಗಾದವರು. ರೊಟ್ಟಿ ಕೊಟ್ಟರೆ ಜೈಲಿನ ಕಾವಲುಗಾರರು ಲಪಟಾಯಿಸುತ್ತಾರೆ, ಆದ್ದರಿಂದ ತಿಂಗಳಿಗೆ ತಲಾ ಹತ್ತು ದಿರ್ಹಮ್ ನಗದಾಗಿ ಕೊಡಬೇಕು. ಅದಕ್ಕೆ ನಂಬಿಕಸ್ಥನೊಬ್ಬನನ್ನು ನೇಮಿಸಬೇಕು. ಅವನು ಹೆಸರುಗಳನ್ನು ಬರೆದಿಟ್ಟುಕೊಂಡು, ತಿಂಗಳು ತಿಂಗಳೂ ಕುಳಿತು, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಅವರವರ ಕೈಗೇ ಕೊಡಬೇಕು. ದಿಕ್ಕಿಲ್ಲದವನು ಒಳಗೆ ಸತ್ತರೆ, ಉಳಿದ ಸೆರೆಯಾಳುಗಳು ಚಂದಾ ಎತ್ತುವವರೆಗೆ ಹೆಣ ಕಾಯುವಂತಾಗಬಾರದು. ಸ್ನಾನ, ಕಫನ್, ದಫನದ ಖರ್ಚು ಬೊಕ್ಕಸದ್ದು. ಉಡಲಿಕ್ಕೆ, ಚಳಿಗಾಲದಲ್ಲಿ ಒಂದು ಅಂಗಿ ಮತ್ತು ಒಂದು ಕಂಬಳಿ. ಬೇಸಿಗೆಯಲ್ಲಿ ಒಂದು ಅಂಗಿ ಮತ್ತು ಒಂದು ಲುಂಗಿ. ಹೆಂಗಸರಿಗೂ ಅಷ್ಟೇ, ಜೊತೆಗೆ ತಲೆಗೊಂದು ಹೊದಿಕೆ.